ಫೋನಿನಲ್ಲಿ ಓದಿದ ಹೆಸರು

ನ್ಯೂಯಾರ್ಕ್
೧೨ ಮಾರ್ಚ್ ೧೯೫೩

ಪ್ರೀತಿಯ ಬರ್ನಿ,

ಶಿಕಾಗೋದಲ್ಲಿ ನೀನೂ ಸಿಲ್ವಿಯಾಳೂ ಕ್ಷೇಮವೆಂದು ನಂಬಿದ್ದೇನೆ. ನಿನ್ನ ಎರಡು ಪತ್ರಗಳಿಗೆ ನಾಲ್ಕು ತಿಂಗಳಾದರೂ ಉತ್ತರಿಸಲಿಲ್ಲ. ಎಷ್ಟು ಬೇಕಾದರೂ ಬೈದುಕೋ. ಕೆಲಸವಿತ್ತು ಎಂದು ಸುಳ್ಳು ಹೇಳುವುದಿಲ್ಲ, ಕೆಲಸವಿರಲಿಲ್ಲ, ಹೆದರಿಕೆಯಿತ್ತು. ಶನಿವಾರ ಟೆಲಿವಿಷನ್ನಿನಲ್ಲಿ ನೀನು ಬರೆದ ಬೊಂಬೆ ಕುದುರೆಯ ಮಾತು ಕೇಳಿ ಮಗಳು ನಗುವಾಗ ಮಾತ್ರ ಮನೆಯಲ್ಲಿ ನಗು.

ನವೆಂಬರಿನಲ್ಲಿ ನನ್ನ ನಾಟಕ ಭಾನುವಾರದ ಪ್ರಸಾರಕ್ಕೆ ಸಿದ್ಧವಾಗಿತ್ತು. ಖರ್ಚು ಸಾಬೂನಿನ ಕಂಪನಿಯದು. ಹಾಗಾಗಿ ನಾಟಕದ ಗ್ಯಾರೇಜಿನ ಮೆಕ್ಯಾನಿಕ್‌ನ ಕೈಯಲ್ಲೂ ಕೊಳೆ ಕಾಣಬಾರದೆಂದರು. ಅದನ್ನೂ ತಿದ್ದಿಕೊಟ್ಟೆ. ತಾಲೀಮಿನ ನಡುವೆ ನಿರ್ಮಾಪಕ ಡೊನೊವನ್ ನನ್ನನ್ನು ಮೆಟ್ಟಿಲ ಹತ್ತಿರ ಕರೆದ.

"ನೇಥನ್, ನಿನ್ ಹೆಸರು ಪಾಸಾಗ್ಲಿಲ್ಲ ಕಣಯ್ಯಾ."

"ಯಾಕಂತೆ?"

"ನಂಗೇನ್ ಗೊತ್ತು? ಪಟ್ಟಿ ಇಟ್ಕೊಂಡೋರಿಗೆ ಫೋನ್ ಮಾಡಿ ಹೆಸರು ಓದ್ತೀವಿ. ಆ ಕಡೆಯೋರು ಹೂಂ ಅಂತಾರೆ, ಇಲ್ಲಾ ಉಹೂಂ ಅಂತಾರೆ. ಕಾರಣ ಕೇಳಿದ್ರೆ ನಾಳೆ ನನ್ ಹೆಸರಿಗೂ ಉಹೂಂ."

ನಾಟಕ ಬೇರೆಯವರ ಹೆಸರಿನಲ್ಲಿ ಹೋಯಿತು. ಅಂದಿನಿಂದ ಫೋನ್ ಬಡಿದುಕೊಂಡರೆ ಹೆದರಿಕೆ. ಸುಮ್ಮನಿದ್ದರೆ ಇನ್ನೂ ಹೆದರಿಕೆ. ಕೆಳಮನೆಯ ಮಿಸೆಸ್ ಕಪ್ಲಾನ್ ಲಿಫ್ಟಿನಲ್ಲಿ ಮುಖ ತಿರುಗಿಸುತ್ತಾಳೆ. ಮಗಳನ್ನು ಮಲಗಿಸಿದ ಮೇಲೆ ಮಿರಿಯಮ್ ನನ್ನ ಪುಸ್ತಕದ ಕಪಾಟನ್ನು ಖಾಲಿ ಮಾಡಿ ಪಿಂಗಾಣಿ ತಟ್ಟೆ ಜೋಡಿಸಿದ್ದಾಳೆ. ಯಾಕೆ ಎಂದರೆ, "ತಟ್ಟೆ ನೋಡಿ ಯಾರೂ ಏನೂ ಕೇಳಲ್ಲ" ಎಂದಳು.

ಕಡೆಗೆ, ಇಂಥ ಹೆಸರುಗಳನ್ನು ಸರಿಮಾಡಿಸಿಕೊಡುವ ವಕೀಲನೊಬ್ಬನ ಬಳಿ ಹೋದೆ. ಮೂವತ್ತೆಂಟರಲ್ಲಿ ನಾವೆಲ್ಲ ಕಮ್ಯುನಿಸ್ಟರ ಸಭೆಗೆ ಹೋಗುತ್ತಿದ್ದೆವಲ್ಲ, ಆಗ ಜೊತೆಗಿದ್ದ ಒಬ್ಬರ ಹೆಸರು ಬರೆದುಕೊಡಬೇಕಂತೆ.

"ಹೊಸಬರನ್ನ ಹಿಡ್ಕೊಡಿ ಅಂತಿಲ್ಲ. ಕಮ್ಯುನಿಸ್ಟರು ಅಂತ ಕೆಲಸ ತಪ್ಪಿಸೋ ಪಟ್ಟೀಲಿ ಆಗ್ಲೇ ಇರೋ ಹೆಸರೇ ಸಾಕು. ನಿಮ್ ಮನಸ್ಸು ಬದಲಾಗಿದೆ ಅಂತ ತೋರಿಸ್ಬೇಕು, ಅಷ್ಟೇ."

ಒಂದು ಹೆಸರು ಹೇಳಿ, ಇದು ಪಟ್ಟಿಯಲ್ಲಿದೆಯೇ ಎಂದು ಕೇಳಿದೆ. "ಅಯ್ಯೋ, ಯಾವತ್ತೋ ಬಂದಿದೆ" ಎಂದ. ಬರೆದು ಸಹಿ ಹಾಕಿದೆ. ಮೂರೇ ದಿನದಲ್ಲಿ ಡೊನೊವನ್ ಫೋನ್ ಮಾಡಿ, ನಿನ್ನ ಹೆಸರಿಗೆ ಹೂಂ ಅಂದರು, ಸೋಮವಾರ ಬಾ ಎಂದ. ಮಿರಿಯಮ್ ಅಡುಗೆಮನೆಯಲ್ಲಿ ಕೂತು ಅತ್ತಳು.

ಸಿಲ್ವಿಯಾಳ ಹೆರಿಗೆ ಸುಸೂತ್ರವಾಗಲಿ. ಹುಟ್ಟುವ ಮಗುವಿಗೆ ನಿನ್ನ ನಗು ಬರಲಿ, ನನ್ನ ಹೆದರಿಕೆಯ ನೆರಳೂ ಬೀಳದಿರಲಿ.

ನಿನ್ನ,
ನೇಥನ್

ಮರೆತ ಮಾತು: ಮರೆತಿರಲಿಲ್ಲ, ಬರೆಯುವ ಧೈರ್ಯವಿರಲಿಲ್ಲ. ವಕೀಲನಿಗೆ ನಾನು ಬರೆದುಕೊಟ್ಟದ್ದು ನಿನ್ನ ಹೆಸರು. ಪಟ್ಟಿಯಲ್ಲಿರುವವನ ಕುದುರೆ ಪ್ರತಿ ಶನಿವಾರ ಹೇಗೆ ಮಾತಾಡೀತು ಎಂಬುದು ಸಹಿ ಹಾಕಿ ಹೊರಬಂದ ಮೇಲೆ ಹೊಳೆಯಿತು. ಇವತ್ತು ಡೊನೊವನ್‌ನನ್ನು ಬೇಡಿಕೊಂಡು ನಿನ್ನ ಹೆಸರನ್ನು ಫೋನಿನಲ್ಲಿ ಓದಿಸಿದೆ. ಉಹೂಂ ಅಂದರು. "ವಿಚಿತ್ರ. ಅವನನ್ನ ಇಲ್ಲಿಗೆ ಕರೆಸೋಣ ಅಂತ ಕ್ರಿಸ್‌ಮಸ್‌ನಲ್ಲಿ ಓದ್ಸಿದ್ದೆ, ಆಗ ಹೂಂ ಅಂದಿದ್ರು" ಎಂದ. ಬರ್ನಿ, ಈ ಶನಿವಾರ ಕುದುರೆಯ ಮಾತನ್ನು ಬೇರೆ ಯಾರಾದರೂ ಬರೆದಿದ್ದರೆ, ಕಾರಣ ಕೇಳಿಕೊಂಡು ನೀನು ಯಾರ ಬಾಗಿಲಿಗೂ ಹೋಗಬೇಕಾಗಿಲ್ಲ.