ಹತ್ತು ವರ್ಷದ ತೋಳು

ಬನಿಯಾಸ್, ಅಬುಧಾಬಿ
16 ಸೆಪ್ಟೆಂಬರ್ 2016, ಶುಕ್ರವಾರ

ನನ್ನ ಮುಂಗೋಪಿ ಮಗಳೇ ಅಕ್ಷಿತಾ,

ನೀನು ಚೆನ್ನಾಗಿದ್ದೀಯೆಂದು ನನಗೆ ಗೊತ್ತು. ವಾಟ್ಸಾಪಿನಲ್ಲಿ ನಾನು ಕಳಿಸಿದ್ದಕ್ಕೆಲ್ಲ ನೀಲಿ ಗೆರೆ ಬೀಳುತ್ತದೆ, ಉತ್ತರ ಮಾತ್ರ ಇಲ್ಲ. ಫೋನ್ ಮಾಡಿದರೆ ನಾನು ಅಳುತ್ತೇನೆ, ಇಲ್ಲವಾದರೆ ಬೈಯುತ್ತೇನೆ. ಎರಡೂ ಬೇಡವೆಂದು ಕಾಗದ ಹಿಡಿದು ಕೂತಿದ್ದೇನೆ. ಕೆಳಗಿನ ಮನೆಯ ಮೈಮೂನ ದುಬೈಯಲ್ಲಿರುವ ತಂಗಿಯ ಮನೆಗೆ ಹೊರಟಿದ್ದಾಳೆ. ಊದ್ ಮೇಥಾದ ನಿನ್ನ ಮನೆಗೆ ಬಂದು ನಿನ್ನ ಕೈಗೇ ಕೊಡುತ್ತೇನೆಂದು ಮಾತು ಕೊಟ್ಟಿದ್ದಾಳೆ. ಜೊತೆಗೊಂದು ಡಬ್ಬಿ ಉಂಟು, ಅದನ್ನು ಆಮೇಲೆ ತೆರೆ.

ಮೊದಲು ಸುದ್ದಿ ಹೇಳಿಬಿಡುತ್ತೇನೆ. ನಿನ್ನ ತಮ್ಮನ ಬಲ ಭುಜ ಹೋಯಿತು. ಹೆದರಬೇಡ, ಕೂತು ಓದು. ಆಗಸ್ಟ್ ಇಪ್ಪತ್ತಮೂರರಂದು ಒಳಾಂಗಣದ ನೆಟ್ಸ್‌ನಲ್ಲಿ ಬೌಲಿಂಗ್ ಮಾಡುತ್ತಿದ್ದ ಹರ್ಷಿತ್ ಚೆಂಡು ಬಿಟ್ಟ ಮೇಲೆ ಕೈ ಎತ್ತಲಾಗದೆ ಅಲ್ಲೇ ಕುಸಿದನಂತೆ. ಸ್ನಾಯು ಹರಿದಿದೆ. ಕೈ ಸರಿಹೋಗುತ್ತದೆ, ನೌಕರಿಗೆ ತೊಂದರೆಯಿಲ್ಲ, ಆದರೆ ಆ ವೇಗದ ಬೌಲಿಂಗನ್ನು ಮಾತ್ರ ಇನ್ನು ಮರೆಯಬೇಕು ಎಂದರು ಡಾಕ್ಟರು. ನಿನಗೆ ತಿಳಿಸುವುದು ಬೇಡವೆಂದು ಅವನೇ ಹಟ ಹಿಡಿದ. ಅಕ್ಕ ಹೇಳಿದ ಹಾಗೇ ಆಯಿತಲ್ಲ ಎಂಬ ನಾಚಿಕೆ ಅವನಿಗೆ.

ಇದನ್ನು ಬರೆಯುವಾಗ ನನಗೆ ದುಃಖ ಉಕ್ಕಬೇಕಿತ್ತು. ಇಲ್ಲ ಮಗಾ. ಎದೆಯ ಮೇಲಿಂದ ರುಬ್ಬುವ ಕಲ್ಲು ಇಳಿಸಿದ ಹಾಗಿದೆ. ಏಕೆಂದರೆ ಮುಸಫ್ಫಾದ ಆ ಪೈಪು ಕಂಪನಿಯ ಹತ್ತು ವರ್ಷದ ಒಪ್ಪಂದಕ್ಕೆ ಅವನು ಸಹಿ ಹಾಕಿರಲಿಲ್ಲ.

ಜುಲೈ ಕೊನೆಯ ಆ ಶುಕ್ರವಾರ ನನ್ನ ಕಣ್ಣಿಂದ ಹೋಗುವುದೇ ಇಲ್ಲ. ನಾನು ಬೆಳಿಗ್ಗೆಯಿಂದ ಪತ್ರೊಡೆ ಮಾಡುವುದರಲ್ಲಿದ್ದೆ. ಕಂಪನಿಯ ಕ್ರಿಕೆಟ್ ತಂಡದ ಮ್ಯಾನೇಜರ್ ಜುವಾಕಿಂ ಕಾಗದ ತಂದಿಟ್ಟು, ಖಲಾಸ್ ಆಂಟಿ, ಸಹಿ ಒಂದೇ ಬಾಕಿ, ಹತ್ತು ವರ್ಷ ಹರ್ಷಿತನೇ ರಾಜ ಅಂತ ಹೇಳಿ ಹೋಗಿದ್ದ. ನಿನ್ನ ಅಪ್ಪ ಊಟಕ್ಕೆ ಕೂರುವುದರೊಳಗೆ ಇಡೀ ಬನಿಯಾಸ್‌ಗೆ ಫೋನ್ ಮಾಡಿ ಮುಗಿಸಿದ್ದರು. ಕಂಪನಿಯ ವಿಲ್ಲಾ, ಕಾರು, ಕೈತುಂಬ ಮುಂಗಡ! ಗೋದಾಮಿನಲ್ಲಿ ಸ್ಟೋರ್‌ಕೀಪರ್ ಆಗಿದ್ದ ಹುಡುಗನಿಗೆ ಇನ್ನೇನು ಬೇಕು ಹೇಳು?

ಆಗ ನೀನು ಬಾಯಿ ತೆರೆದೆ. ನಿನ್ನ ಇನ್ಶೂರೆನ್ಸ್ ಆಫೀಸಿನ ಫೈಲುಗಳಲ್ಲಿ ಬರುವ ಅಮೆರಿಕದ ಬೇಸ್‌ಬಾಲ್ ಆಟಗಾರರ ಕಥೆ ತೆಗೆದೆ. ಹತ್ತು ವರ್ಷಕ್ಕೆ ಕೊಂಡ ಎಸೆತಗಾರನ ತೋಳು ಮೂರನೇ ವರ್ಷಕ್ಕೇ ಹೋಯಿತು, ಉಳಿದ ಏಳು ವರ್ಷ ಅವನು ಬೆಂಚಿನ ಮೇಲೆ ಕೂತ, ಕ್ಲಬ್ ಸಂಬಳ ಕೊಡುತ್ತಲೇ ಇತ್ತು, ಜನ ಬೈಯುತ್ತಲೇ ಇದ್ದರು ಎಂದೆ. ಕೂತು ತಿನ್ನುವ ಪುಣ್ಯ ಯಾರಿಗುಂಟು ಮಾರಾಯ್ತಿ ಅಂತ ನಿನ್ನ ಅಪ್ಪ ನಕ್ಕರು. ನೀನು ನಗಲಿಲ್ಲ. ಐದು ವರ್ಷದ ಆಚೆಗೆ ಒಂದು ತೋಳಿಗೆ ವಿಮೆ ಕೊಡಲು ನಮ್ಮ ಆಫೀಸೇ ಹೆದರುತ್ತದೆ ಅಪ್ಪಾ, ಅಲ್ಲಿ ತೋಳು ಹೋದರೆ ಕ್ಲಬ್ಬಿಗೆ ನಷ್ಟ, ಈ ಕಾಗದದಲ್ಲಿ ಆ ನಷ್ಟವನ್ನೆಲ್ಲ ಹರ್ಷಿತನ ತಲೆಗೇ ಕಟ್ಟಿದ್ದಾರೆ, ಆಡಲಾಗದಿದ್ದರೆ ಮುಂಗಡ ಪೂರ್ತಿ ವಾಪಸ್, ತೀರಿಸುವ ತನಕ ಬೇರೆಲ್ಲಿಯೂ ಕೆಲಸ ಹಿಡಿಯುವ ಹಾಗಿಲ್ಲ ಎಂದೆ. ಹರ್ಷಿತ್ ಇಂಗ್ಲಿಷಿನಲ್ಲಿ ಏನೋ ಕಿರುಚಿ ಬಾಗಿಲು ಬಡಿದು ಕೋಣೆಯೊಳಗೆ ಹೋದ.

ನಾನು ಹೇಳಿದ ಮಾತು ನಿನಗೆ ನೆನಪಿದೆ, ನನಗೂ ನೆನಪಿದೆ. ತಮ್ಮನ ಏಳಿಗೆ ನೋಡಲಾಗದವಳು ಎಂದೆ. ನೀನು ಪೆನ್ಸಿಲಿನಲ್ಲಿ ಗುರುತು ಹಾಕಿದ್ದ ಒಪ್ಪಂದದ ನಕಲನ್ನು ನಾನು ಎಲ್ಲರ ಎದುರೇ ಮುದುಡಿ ಕಸದ ಬುಟ್ಟಿಗೆ ಎಸೆದೆ. ನೀನು ಒಂದು ತುಂಡು ಪತ್ರೊಡೆಯನ್ನೂ ಮುಟ್ಟದೆ ದುಬೈ ಬಸ್ಸು ಹತ್ತಿದೆ. ಹೆತ್ತ ಬಾಯಿಯಿಂದ ಅಂಥ ಮಾತು ಬರಬಾರದಿತ್ತು. ತಪ್ಪಾಯಿತು ಮಗಾ.

ಮತ್ತೆ ಸಹಿ ಯಾಕೆ ಆಗಲಿಲ್ಲ ಅಂತ ಕೇಳುತ್ತೀಯೇನೋ. ಆಟಿ ಕಾಪಾಡಿತು. ಆಟಿ ತಿಂಗಳಲ್ಲಿ ನಾವು ತುಳುವರು ಹೊಸ ಕೆಲಸಕ್ಕೆ ಕೈ ಹಾಕುವುದುಂಟಾ? ಆಟಿ ಆಗಸ್ಟ್ ಇಪ್ಪತ್ತೈದಕ್ಕೆ ಮುಗಿಯುತ್ತದೆ, ಇಪ್ಪತ್ತಾರರ ಶುಕ್ರವಾರ ಸಹಿ ಇಟ್ಟುಕೊಳ್ಳೋಣ ಎಂದು ನಾನೇ ಹೇಳಿದೆ. ನಿಮ್ಮ ಆಟಿ ನಮ್ಮ ಸೇಠಿಗೆ ಎಂತ ಗೊತ್ತು ಆಂಟಿ, ಯಲ್ಲಾ, ಬೇಗ ಮುಗಿಸಿ ಅಂತ ಜುವಾಕಿಂ ಎರಡು ಸಲ ಬಂದು ಗೋಗರೆದ. ಹರ್ಷಿತ್ ನನ್ನೊಡನೆ ಮಾತು ಬಿಟ್ಟ. ಪಂಚಾಂಗದ ವಿಷಯದಲ್ಲಿ ನಿನ್ನ ಅಪ್ಪನದು ಮೂವತ್ತು ವರ್ಷದಿಂದ ಒಂದೇ ಮಾತು, ಅದು ಅಡುಗೆಮನೆಯ ಖಾತೆ ಎಂದು. ಹಾಗಾಗಿ ಸಹಿ ಮುಂದೆ ಹೋಯಿತು. ಇನ್ನು ಮೂರು ದಿನ ಇದೆ ಎನ್ನುವಾಗ ಭುಜ ಹರಿಯಿತು.

ಜುವಾಕಿಂ ಆಸ್ಪತ್ರೆಗೆ ನಾಲ್ಕು ಸೇಬು ಹಿಡಿದು ಬಂದ. ಪಾಪ, ಮುಖ ಸಣ್ಣದಾಗಿತ್ತು. ಸಹಿ ಆಗಿದ್ದರೆ ಇದೇ ಕೈಯಲ್ಲಿ ವಸೂಲಿ ಕಾಗದ ತರಬೇಕಿತ್ತು ಆಂಟಿ ಅಂತ ಹೇಳಿಯೇಬಿಟ್ಟ. ನಿನ್ನ ಅಪ್ಪ ಅಲ್ಲೇ ಕುರ್ಚಿ ಹಿಡಿದು ಕೂತರು. ಹರ್ಷಿತ್ ಎರಡು ದಿನ ಗೋಡೆ ನೋಡಿಕೊಂಡು ಮಲಗಿದ. ಮೂರನೇ ದಿನ ನಾನು ಗಂಜಿ ತಿನ್ನಿಸುವಾಗ ಗಳಗಳನೆ ಅತ್ತ. ಅತ್ತು ಮುಗಿಸಿ, ಇನ್ನೊಂದು ಬಟ್ಟಲು ಹಾಕಮ್ಮ ಎಂದ. ಆಗ ನನಗೆ ಜೀವ ಬಂತು. ಹಳೆಯ ಗೋದಾಮಿನವರು ಅವನ ಕುರ್ಚಿಯನ್ನು ಇನ್ನೂ ಯಾರಿಗೂ ಕೊಟ್ಟಿಲ್ಲ. ಮುಂದಿನ ಭಾನುವಾರದಿಂದ ಹೋಗುತ್ತಾನೆ. ಸಂಜೆ ಮಕ್ಕಳ ಪಂದ್ಯಕ್ಕೆ ಅಂಪೈರ್ ಆಗಿ ನಿಂತು ಎಡಗೈ ಬೆರಳೆತ್ತಿ ಔಟ್ ಕೊಡುತ್ತಾನೆ, ಮಕ್ಕಳು ಒಪ್ಪುವುದಿಲ್ಲ, ಜಗಳವೋ ಜಗಳ.

ಮುಂದಿನ ಶುಕ್ರವಾರ ಬಾ. ಅಕ್ಕನಿಗೆ ಹೇಗೆ ಮುಖ ತೋರಿಸಲಿ ಎನ್ನುತ್ತಿದ್ದಾನೆ ಅವನು. ಇರುವ ಮುಖವನ್ನೇ ತೋರಿಸು ಎಂದಿದ್ದೇನೆ. ಡಬ್ಬಿಯಲ್ಲಿ ಪತ್ರೊಡೆ ಉಂಟು. ಮಲಯಾಳಿಯ ಅಂಗಡಿಯಲ್ಲಿ ಕೆಸುವಿನೆಲೆ ಸಿಕ್ಕಿತು. ಅಂದು ಬಿಟ್ಟುಹೋದ ಊಟ ಎಂದುಕೊಂಡು ತಿನ್ನು.

ಬಾಯಿ ಜೋರಿನ, ನಿನ್ನ ಅಮ್ಮ,
ವಾರಿಜಾಕ್ಷಿ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಯೋಚಿಸಿದೆ. ಆ ದಿನ ನಿನ್ನ ಬಸ್ಸು ಹೊರಟ ಮೇಲೆ ಕಸದ ಬುಟ್ಟಿಯಿಂದ ನಿನ್ನ ನಕಲನ್ನು ಎತ್ತಿಕೊಂಡೆ. ಅಂಚಿನಲ್ಲಿ ನೀನು ಕನ್ನಡದಲ್ಲಿ ಬರೆದದ್ದನ್ನೆಲ್ಲ ಮೂರು ಸಲ ಓದಿದೆ. ಎಲ್ಲರ ಎದುರು ಅಷ್ಟು ಕೂಗಾಡಿದವಳು ಮಗಳೇ ಸರಿ ಎಂದು ಹೇಗೆ ಹೇಳಲಿ? ಸೊಕ್ಕು ಬಿಡಲಿಲ್ಲ. ಈ ವರ್ಷ ಆಟಿ ಮುಗಿದದ್ದು ಇಪ್ಪತ್ತೈದಕ್ಕಲ್ಲ, ಆಗಸ್ಟ್ ಹದಿನಾರಕ್ಕೇ. ಗೋಡೆಯ ಕ್ಯಾಲೆಂಡರ್ ನಿನ್ನ ಬಸ್ಸು ಹೊರಟ ಆ ದಿನದಿಂದ ಅಕ್ಕಿ ಡಬ್ಬಿಯೊಳಗಿದೆ. ನಿನ್ನ ಅಪ್ಪನಿಗೆ ಹೇಳಬೇಡ, ಅವರು ಈಗಲೂ ಆಟಿಗೆ ಕೈ ಮುಗಿಯುತ್ತಿದ್ದಾರೆ.