ಒಂದೇ ಅಂಗಳದ ನಲವತ್ತೆರಡು ಜನ

ಮೇ 12, ಸೋಮವಾರ

ಲ್ಯಾಬಿನ ಫ್ರೀಜರ್ ತಾಪಮಾನ ಬರೆದಿಟ್ಟೆ. ಮೈನಸ್ ಎಂಬತ್ತು. ಇದೊಂದನ್ನು ಬರೆಯದೆ ಪುಸ್ತಕ ಮುಚ್ಚುವವಳಿದ್ದೆ: ಎಂಟು ವರ್ಷದ ಹಿಂದೆ ದೋಣಿಕೇರಿಯಲ್ಲಿ ಎಂಜಲಿನ ಸ್ಯಾಂಪಲ್ ತೆಗೆದಾಗಿನ ನಲವತ್ತೆರಡು ಫಾರಂಗಳಲ್ಲಿ ‘ಪರಸ್ಪರ ರಕ್ತಸಂಬಂಧವಿಲ್ಲ’ ಎಂಬಲ್ಲಿ ಟಿಕ್ ಹಾಕಿದವಳು ನಾನೇ. ಜೀಪಿನಲ್ಲಿ ಕೂತು. ಯಾರನ್ನೂ ಕೇಳದೆ. ಕತ್ತಲಾಗುವ ಮೊದಲು ಹೊರಡುವ ಆತುರ, ಅಷ್ಟೇ.

ಇವತ್ತು ಹೊಸ ಲೆಕ್ಕಕ್ಕೆಂದು ಹಳೆಯ ಡೇಟಾ ತೆರೆದೆ. ನಲವತ್ತೆರಡರಲ್ಲಿ ಮೂವತ್ತಮೂರು ಜನ ಒಂದೇ ಕುಟುಂಬ. ಅಕ್ಕತಂಗಿಯರು, ಅವರ ಮಕ್ಕಳು, ಮೊಮ್ಮಕ್ಕಳು. ಮೊದಲೇ ಪರೀಕ್ಷಿಸಬೇಕಿತ್ತು. ಫಾರಂ ನಂಬಿ ಬಿಟ್ಟೆವು.

ನಮ್ಮ ಸಂಶೋಧನಾ ಪೇಪರ್ ಹೇಳಿದ್ದು — ನದೀಮುಖದ ದೋಣಿಕೇರಿಯವರ ಜೀನುಗಳಲ್ಲಿ ವೈವಿಧ್ಯ ತೀರಾ ಕಡಿಮೆ, ಎಂಟು ತಲೆಮಾರಿನ ಹಿಂದೆ ಬಂದಿಳಿದ ಬೆರಳೆಣಿಕೆಯ ಜನರ ಸಂತಾನ. ಒಂದೇ ಮನೆಯವರ ಎಂಜಲು ಹೋಲಿಸಿದರೆ ಇನ್ನೇನು ಕಾಣುತ್ತದೆ?

ಮೇ 14

ಬಾಸ್‌ಗೆ ತೋರಿಸಿದೆ. ಕನ್ನಡಕ ಕೂಡ ಹಾಕಿಕೊಳ್ಳಲಿಲ್ಲ.

“ಅಲ್ಲಮ್ಮಾ, ಸಣ್ಣ ಕೇರೀಲಿ ಎಲ್ಲರೂ ನೆಂಟರೇ. ಮೊಸರಲ್ಲಿ ಕಲ್ಲು ಹುಡುಕ್ತಾ ಕೂತ್ರೆ ಪೇಪರ್ ಆಗುತ್ತಾ?”

“ಬಂದರು ಮಂಡಳಿಯವರು ಅದನ್ನ ಕೋರ್ಟಿಗೆ ಹಾಕಿದಾರೆ ಸರ್. ಇವರು ಹೊರಗಿಂದ ಬಂದೋರು, ಜಾಗದ ಹಕ್ಕಿಲ್ಲ ಅಂತ. ಮುನ್ನೂರು ಮನೆ.”

“ಅದು ವಕೀಲರ ಪಾಡು. ಅಂದ ಹಾಗೆ… ಟಿಕ್ ಹಾಕಿದ್ದು ಯಾರು?”

ನಗುತ್ತಲೇ ಕೇಳಿದರು. ಆ ನಗುವಿಗೆ ತಕ್ಕ ಉತ್ತರ ಮೆಟ್ಟಿಲಿಳಿಯುವಾಗ ಹೊಳೆಯಿತು. ಯಾವತ್ತೂ ಹಾಗೇ.

ಮೇ 27, ಮಧ್ಯಾಹ್ನ

ಹದಿಮೂರು ದಿನ ಏನೂ ಬರೆದಿಲ್ಲ. ಏನೂ ಮಾಡಲೂ ಇಲ್ಲ. ಯಾರ ಮೇಲೆ ಸಿಟ್ಟು ಎಂದು ತೀರ್ಮಾನಿಸುವುದರಲ್ಲೇ ಕಳೆಯಿತು.

ಇವತ್ತು ದೋಣಿಕೇರಿಯ ಸೂಲಗಿತ್ತಿ ಅಜ್ಜಿ ಫೋನ್ ಮಾಡಿದರು. ಅವರ ಅಂಗಳದಲ್ಲೇ ಸ್ಯಾಂಪಲ್ ತೆಗೆದದ್ದು.

“ಏನಮ್ಮಾ, ನಮ್ಮ ಉಗುಳು ಕೋರ್ಟಿಗೆ ಹೋಗಿ ನಮ್ಮ ಮೇಲೇ ಸಾಕ್ಷಿ ಹೇಳ್ತಂತೆ?”

ಫೋನ್ ಹಿಡಿದು ಲ್ಯಾಬಿನಿಂದ ಹೊರಗೆ ಬಂದೆ.

“ಅವತ್ತು ಕೇರಿಯವರೆಲ್ಲ ಹೆದರಿದ್ರು. ಬಂದ ಹೆಣ್ಣುಮಗಳು ಬರಿಗೈಲಿ ಹೋಗಬಾರದು ಅಂತ ನನ್ನ ಮಕ್ಕಳು, ತಂಗಿ ಮಕ್ಕಳನ್ನೇ ಕರೆದು ಕೂರಿಸಿದೆ. ನಿನಗೆ ಹೇಳಿದ್ನಲ್ಲಾ? ನೀನು ಬರ್ಕೊಂಡೆ ಕೂಡ.”

ಹೌದು. ಕ್ಷೇತ್ರಕಾರ್ಯದ ನೋಟ್‌ಬುಕ್ ತೆಗೆದು ನೋಡಿದೆ. ನನ್ನದೇ ದುಂಡು ಅಕ್ಷರ: ‘ಹೆಚ್ಚಿನವರು ಅಜ್ಜಿಯ ಮನೆಯವರೇ. ಎಂಥ ಪ್ರೀತಿ!’ ಪಕ್ಕದಲ್ಲಿ ಒಂದು ಸಣ್ಣ ಹೂವಿನ ಚಿತ್ರ ಬೇರೆ. ಹೂವು ಬಿಡಿಸಲು ಪುರುಸೊತ್ತಿತ್ತು.

ಮೇ 30

ಆ ನೋಟ್‌ಬುಕ್ಕನ್ನು ಕಚೇರಿಗೆ ಒಪ್ಪಿಸಬೇಕಂತೆ. ಬಾಸ್ ಇಮೇಲ್. ‘ಸುರಕ್ಷಿತವಾಗಿಡಲು.’ ಎಂಟು ವರ್ಷ ಯಾರಿಗೂ ಬೇಡವಾಗಿದ್ದ ಪುಸ್ತಕ! ಅಂದರೆ ಅವರಿಗೂ ಅರ್ಥವಾಗಿದೆ. ಮೊದಲ ದಿನವೇ ಆಗಿತ್ತು.

ಒಪ್ಪಿಸಿದೆ. ಆ ಪುಟವನ್ನು ನಾಲ್ಕು ಪ್ರತಿ ಜೆರಾಕ್ಸ್ ಮಾಡಿಸಿದ ಮೇಲೆ.

ಜೂನ್ 7

ಅಕ್ಕನಿಗೆ ಹೇಳಿದೆ. ಅವಳು ಬಟ್ಟೆ ಮಡಿಸುವುದನ್ನು ನಿಲ್ಲಿಸಲಿಲ್ಲ.

“ಉಪ್ಪು ತಿಂದೋನು ನೀರು ಕುಡೀಲಿ. ನಿನ್ನ ಬಾಸ್ ತಾನೆ ತಿಂದಿದ್ದು?”

“ನಾನೂ ತಿಂದಿದೀನಿ ಅಕ್ಕಾ.”

“ಕೆಲಸ ಹೋಗುತ್ತೆ.”

“ಹೋಗಬಹುದು.”

“ಹೋದ್ರೆ ಮನೇಲಿ ಕೂತು ನನ್ನ ತಲೆ ತಿಂತೀಯಾ,” ಎಂದು ಒಂದು ಟವೆಲ್ ನನ್ನತ್ತ ಎಸೆದಳು. ಮಡಿಸಿದೆ.

ಜೂನ್ 8, ಭಾನುವಾರ

ಮೊದಲು ಬಾಸ್ ಮೇಲೆ ಎರಡು ಪುಟ ಬರೆದೆ. ಚೆನ್ನಾಗಿತ್ತು, ಉರಿಯುತ್ತಿತ್ತು. ಹರಿದೆ. ಈಗ ಒಂದೇ ಪುಟ. ಮೊದಲ ವಾಕ್ಯ ನನ್ನ ಟಿಕ್‌ ಬಗ್ಗೆ. ಬಾಸ್ ಎರಡನೇ ಪ್ಯಾರಾಕ್ಕೆ ಬರಲಿ. ನೆಂಟರನ್ನು ಬಿಟ್ಟರೆ ಉಳಿಯುವುದು ಒಂಬತ್ತು ಜನ. ಒಂಬತ್ತು ಜನರಿಂದ ಕೇರಿಯವರು ಯಾವಾಗ ಬಂದರೆಂದು ಹೇಳಲಾಗದು — ಇದಕ್ಕೆ ಅಡಿಗೆರೆ.

ಮೂರು ಲಕೋಟೆ. ಪೇಪರ್ ಅಚ್ಚಾದ ಪತ್ರಿಕೆಯ ಸಂಪಾದಕರಿಗೆ, ಕೇರಿಯವರ ವಕೀಲರಿಗೆ, ಅಜ್ಜಿಗೆ. ಮೂರರಲ್ಲೂ ಹೂವಿನ ಪುಟ. ಅದನ್ನು ಮುಚ್ಚಿಟ್ಟು ಜೆರಾಕ್ಸ್ ಮಾಡಬಹುದಿತ್ತು. ಮಾಡಲಿಲ್ಲ.

ಕೋರ್ಟಿನ ವಿಚಾರಣೆ ಹತ್ತೊಂಬತ್ತಕ್ಕೆ. ಇವತ್ತು ಅಂಚೆ ಕಚೇರಿ ಇಲ್ಲ. ಒಳ್ಳೆಯ ನೆಪ, ಒಂದೇ ದಿನದ್ದು. ರಿಜಿಸ್ಟರ್ಡ್ ಅಂಚೆ, ನಾಳೆ, ಜೂನ್ 9, ಬೆಳಿಗ್ಗೆಯೇ.