ಆಕೆಯನ್ನು ಏರಿಸಿದಿರಿ, ಹೆಸರನ್ನೂ ಏರಿಸಿ

ಚಿನ್ನದ ಲಾಂದ್ರ ರಂಗಪ್ರಶಸ್ತಿಯ ಅರ್ಹತಾ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಕಳೆದ ಸೋಮವಾರ ಹೊರಡಿಸಿದ ತೀರ್ಪಿನಲ್ಲಿ ನನ್ನದೊಂದು ವಾಕ್ಯವನ್ನು ಸಾಕ್ಷಿಯಾಗಿ ಬಳಸಿದ್ದೀರಿ. ನನ್ನನ್ನು ಒಂದು ಮಾತು ಕೇಳಲಿಲ್ಲ. ಕೇಳಿದ್ದರೆ ಉಬ್ಬಿಹೋಗಿ ಒಪ್ಪಿಬಿಡುತ್ತಿದ್ದೆನೇನೋ, ಅದು ಬೇರೆ ಮಾತು. ಆ ವಾಕ್ಯದ ದೆಸೆಯಿಂದ ಅರವತ್ತು ದಾಟಿದ ನಟಿಯೊಬ್ಬಳ ಕೈಗೆ ಬಂದ ತುತ್ತು ಬಾಯಿಗೆ ಬರದಂತಾಯಿತು. ಈ ಪಾಪದಲ್ಲಿ ನಿಮ್ಮ ಪಾಲೆಷ್ಟು, ನನ್ನ ಪಾಲೆಷ್ಟು ಎಂಬುದು ಊರೆದುರು ಇತ್ಯರ್ಥವಾಗಲಿ ಎಂದು ಇದನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ನನ್ನ ಕಸುಬು ನಿಮಗೆ ಗೊತ್ತು. ಪ್ರತಿ ವಸಂತದಲ್ಲಿ ಬ್ರಾಡ್‌ವೇಯ ನಾಟಕಗಳನ್ನೆಲ್ಲ ನೋಡಿ, ನಿಮ್ಮ ಲಾಂದ್ರದ ಕಣದಲ್ಲಿ ಯಾವ ನಟನಟಿಯರು ಉಳಿಯುತ್ತಾರೆಂದು ಪತ್ರಿಕೆಯಲ್ಲಿ ಭವಿಷ್ಯ ಹೇಳುವವನು. ಗಿಳಿಶಾಸ್ತ್ರದವನಿಗೂ ನನಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಅವನ ಗಿಳಿ ಬಾಯಿಗೆ ಬಂದದ್ದನ್ನು ಬರೆಯುವುದಿಲ್ಲ, ಅಷ್ಟೆ.

ನಿಮ್ಮ ನಿಯಮವಾದರೂ ಎಷ್ಟು ಸರಳ! ಭಿತ್ತಿಪತ್ರದಲ್ಲಿ ನಾಟಕದ ಹೆಸರಿನ ಮೇಲೆ ಯಾರ ಹೆಸರಿದೆಯೋ ಆಕೆ ಪ್ರಧಾನ ನಟಿ. ಕೆಳಗಿದ್ದರೆ ಪೋಷಕ ನಟಿ. ಒಪ್ಪಿಗೆಯಾಗದ ನಿರ್ಮಾಪಕರು ನಿಮ್ಮ ಬಳಿ ಅರ್ಜಿ ಹಿಡಿದು ಬರಬಹುದು. 'ಹಿಂಬಾಗಿಲ ಗಂಟೆ' ನಾಟಕದಲ್ಲಿ ಮೇಲಿರುವುದು ಒಬ್ಬ ಸಿನಿಮಾ ತಾರೆಯ ಹೆಸರು. ವಸತಿಗೃಹವೊಂದರ ಒಡತಿಯಾಗಿ ಆಕೆ ಎರಡನೇ ಅಂಕದಲ್ಲಿ ಬಂದು, ಒಂದು ಕಪ್ ಕಾಫಿ ಕುಡಿದು, ಸೊಗಸಾಗಿ ಅತ್ತು ಹೋಗುತ್ತಾಳೆ. ಅದೇ ವಸತಿಗೃಹವನ್ನು ನಡೆಸುವ ಹೆಂಗಸಾಗಿ, ಪರದೆ ಎದ್ದಾಗಿನಿಂದ ಬೀಳುವವರೆಗೆ ರಂಗದ ಮೇಲಿರುವವಳು ನಿಲ್ಡಾ ಬೆರಿಯೋಸ್. ಆಕೆಯ ಹೆಸರು ಕೆಳಗೆ. ಹಾಗಾಗಿ ಪೋಷಕ ನಟಿ. ಆ ವಿಭಾಗದಲ್ಲಿ ಈ ವರ್ಷ ಆಕೆಗೆ ಸರಿಸಾಟಿ ಯಾರೂ ಇರಲಿಲ್ಲ. ನನ್ನ ಪಟ್ಟಿಯಲ್ಲಿ ಆಕೆಯೇ ಮೊದಲು. ಅಷ್ಟು ಬರೆದು ಪೆನ್ನು ಮುಚ್ಚಿದ್ದರೆ ನನ್ನ ಗಂಟೇನು ಹೋಗುತ್ತಿತ್ತು? ಚಪಲ. ಇನ್ನೊಂದು ಸಾಲು ಸೇರಿಸಿದೆ: "ಈ ಮನೆಗೆ ತಾರೆ ಅತಿಥಿ, ಯಜಮಾನಿ ನಿಲ್ಡಾ."

ನಿರ್ಮಾಪಕರು ಆ ಸಾಲನ್ನು ಕತ್ತರಿಸಿ ತಂದು ನಿಮ್ಮ ಮೇಜಿನ ಮೇಲಿಟ್ಟರು. ತಾರೆ ಅತಿಥಿಯಂತೆ, ಆದ್ದರಿಂದ ಪೋಷಕ ವಿಭಾಗಕ್ಕೆ ಇಳಿಸಿ. ನಿಲ್ಡಾ ಯಜಮಾನಿಯಂತೆ, ಆದ್ದರಿಂದ ಪ್ರಧಾನ ವಿಭಾಗಕ್ಕೆ ಏರಿಸಿ ಎಂದರು. ನೀವು ತಲೆಯಾಡಿಸಿದಿರಿ. ಪ್ರಧಾನ ವಿಭಾಗದಲ್ಲಿ ಐದೇ ಜಾಗ, ಅಲ್ಲಿ ಐದು ಆನೆಗಳು ಆಗಲೇ ನಿಂತಿವೆ ಎಂಬುದು ತಮಗೆ ತಿಳಿಯದೇ? ನಿಲ್ಡಾ ಎದ್ದ ಕುರ್ಚಿಯಲ್ಲಿ ಯಾರು ಕೂರುತ್ತಾರೆಂದು ಊಹಿಸಲು ನನ್ನಂಥ ಜ್ಯೋತಿಷಿ ಬೇಕಿತ್ತೇ? ಟಿಕೆಟ್ ಮಾರುವಾಗ ತಾರೆ ಪ್ರಧಾನ, ಪ್ರಶಸ್ತಿ ಹಂಚುವಾಗ ಪೋಷಕ. ನಿಲ್ಡಾಳಿಗೆ ಇದರ ತಿರುವುಮುರುವು. ಆಕೆಯನ್ನು ಅಟ್ಟಕ್ಕೆ ಹತ್ತಿಸಿದವನು ನಾನು, ಏಣಿ ತೆಗೆದವರು ನೀವು.

ಆ ಸೋಮವಾರ ಮಧ್ಯಾಹ್ನ ನನ್ನ ಮನೆಗೆ ರಿಬ್ಬನ್ ಕಟ್ಟಿದ ಒಂದು ಚೀಸ್‌ಕೇಕ್ ಬಂತು. ಯಾರೋ ಅಭಿಮಾನಿ ಕಳಿಸಿರಬೇಕು ಎಂದುಕೊಂಡೆ. ನನಗೂ ಅಭಿಮಾನಿಗಳಿದ್ದಾರೆಂದು ನಂಬುವಷ್ಟು ಮೂರ್ಖ ನಾನು. ನಿಲ್ಡಾ ನಮ್ಮ ಕಟ್ಟಡದಲ್ಲೇ ಎರಡು ಮಹಡಿ ಕೆಳಗಿದ್ದಾಳೆ. ಸೋಮವಾರ ನಾಟಕಕ್ಕೆ ರಜೆಯಾದ್ದರಿಂದ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೇಕ್ ಅಲ್ಲಿಗೇ ಒಯ್ದೆ. ವಾಷಿಂಗ್ ಮಷೀನಿನ ಮೇಲೆ ಕಾಗದ ಹಾಸಿ ಇಬ್ಬರೂ ತಿಂದೆವು. ಸಾಕು ಎಂದವಳಿಗೆ ಎರಡನೇ ತುಂಡು ಬಲವಂತ ಮಾಡಿ ಬಡಿಸಿದೆ. ಮೇಲೆ ಬರುವಷ್ಟರಲ್ಲಿ ನಿರ್ಮಾಪಕರ ಪ್ರಚಾರ ನೋಡಿಕೊಳ್ಳುವ ಡೆಸ್ಮಂಡ್ ಪ್ರೂಯಿಟ್‌ನ ಫೋನು.

"ಗುರುಗಳೇ, ಕೇಕ್ ತಲುಪ್ತಾ? ನಮ್ ಲಾಯರು ಪುಟಗಟ್ಲೆ ಗೀಚಿದ್ದ. ಕೆಲಸ ಮಾಡಿದ್ದು ನಿಮ್ ಒಂದೇ ಒಂದು ಸಾಲು. ಸಮಿತಿಯೋರು ಅದನ್ನೇ ಎತ್ತಿ ಹಾಕಿದಾರೆ, ಸಂಜೆ ನೋಡಿ."

"ಯಾವ ಸಾಲು?"

"ಅದೇ ಸಾರ್, ಅತಿಥಿ, ಯಜಮಾನಿ. ನಮ್ ಮೇಡಂ ಕೆಳಗೆ ಬಂದ್ರು, ನಿಲ್ಡಾ ಮೇಲೆ ಹೋದ್ಲು. ಇನ್ನೇನು, ಲಾಂದ್ರ ಮೇಡಂ ಮನೇಲೇ ಉರಿಯೋದು."

"ನಿಲ್ಡಾ ಗತಿ ಏನಯ್ಯಾ?"

"ಪ್ರಧಾನ ನಟಿ ಅಂತ ಅನ್ನಿಸ್ಕೊಂಡ್ಲಲ್ಲ ಸಾರ್. ಅಷ್ಟು ಸಾಲ್ದಾ?"

ಮಾನ್ಯರೇ, ಆಕೆಯ ಬಾಯಿಂದ ಕಿತ್ತುಕೊಂಡದ್ದಕ್ಕೆ ಸಂದ ಉಡುಗೊರೆಯನ್ನು ಆಕೆಗೇ ತಿನ್ನಿಸಿ ಬಂದಿದ್ದೆ. ಮತ್ತೆ ಕೆಳಗಿಳಿದು ಹೋದೆ. ನಿಲ್ಡಾ ಒಣಗಿದ ಹಾಸಿಗೆ ಬಟ್ಟೆ ಮಡಿಸುತ್ತಿದ್ದಳು. ಇದ್ದದ್ದನ್ನು ಇದ್ದಂತೆ ಹೇಳಿ, "ಅಧ್ಯಕ್ಷರಿಗೆ ಬರೀತೀನಿ. ನಿನ್ನನ್ನ ವಾಪಸ್ ಕೆಳಗಿಳಿಸಿ ಅಂತ ಕೈ ಮುಗಿದು ಕೇಳ್ತೀನಿ" ಎಂದೆ.

ಆಕೆ ಬಟ್ಟೆ ಕೆಳಗಿಟ್ಟಳು.

"ಏನಂದೆ ಮಿಲ್ಟನ್? ಇಳಿಸಿ ಅಂತ ಕೇಳ್ತೀಯಾ? ಇಷ್ಟು ವರ್ಷ ನರ್ಸು, ಮನೆಗೆಲಸದವಳು, ಪಕ್ಕದ್ಮನೆ ಬಾಯಿಬಡುಕಿ, ಇದೇ ಆಯ್ತು ನಂಗೆ. ನಾಟಕ ನಿಂತಿರೋದೇ ಇವಳ ಮೇಲೆ ಅಂತ ಒಬ್ರಾದ್ರೂ ಅಂದಿದ್ರಾ? ನೀನು ಅಂದೆ. ಈಗೊಂದು ಲಾಂದ್ರದ ಆಸೆಗೆ ಆ ಮಾತು ವಾಪಸ್ ತಗೋತೀಯಾ?"

"ಮೇಲಿದ್ರೆ ಸೋಲ್ತೀಯ ಮಾರಾಯ್ತಿ."

"ನಿನ್ ಪಟ್ಟೀಲಿ ಎಷ್ಟನೇದು?"

"ಆರು."

"ಐವರಿಗೇ ಅಲ್ವಾ ಎಲೆ ಹಾಕೋದು?" ಎಂದು ನಕ್ಕಳು. "ಆರು ಅಂತಲೇ ಬರಿ. ನನ್ ಮೇಲಿನ ಕನಿಕರಕ್ಕೆ ಐದು ಅಂತೇನಾದ್ರೂ ಬರೆದ್ಯೋ, ನಿನ್ ಮುಖ ನೋಡಲ್ಲ."

ಕೆಳಗಿಟ್ಟ ಬಟ್ಟೆಯನ್ನು ಮತ್ತೆ ಎತ್ತಿಕೊಂಡು ಕೇಳಿದಳು: "ಕೆಳಗೇ ಬಿಟ್ಟಿದ್ರೆ?"

ಸುಳ್ಳು ಹೇಳಬಹುದಿತ್ತು. "ಮೊದಲನೇದು" ಎಂದೆ.

ಹಾಸಿಗೆ ಬಟ್ಟೆಯ ಇನ್ನೊಂದು ತುದಿಯನ್ನು ನನ್ನ ಕೈಗೆ ಕೊಟ್ಟಳು. ಇಬ್ಬರೂ ಹಿಡಿದು ಮಡಿಸಿದೆವು. ಬುಟ್ಟಿ ಎತ್ತಿಕೊಂಡು ಹೊರಡುವಾಗ ಹೇಳಿದಳು: "ಥಿಯೇಟರ್ ಬಾಗಿಲ ಹತ್ರದ ಬೋರ್ಡಲ್ಲಿ ನನ್ನ ಹೆಸರು ಎಷ್ಟು ಕೆಳಗಿದೆ ಗೊತ್ತಾ? ಕ್ಯೂನಲ್ಲಿ ನಿಂತೋರು ಅದರ ಮೇಲೇ ಒರಗಿರ್ತಾರೆ. ದಿನಾ ನೋಡ್ಕೊಂಡೇ ಒಳಗೆ ಹೋಗ್ತೀನಿ."

ಇಷ್ಟು ಕಾಲ ನಾನು ಆಕೆಯನ್ನು ಪಟ್ಟಿಯಲ್ಲಿ ಹತ್ತಿಳಿಯುವ ಒಂದು ಅಂಕಿಯೆಂದು ನೋಡಿದೆ. ಹೊಗಳುವಾಗಲೂ ಹಾಗೇ, ಕೊನೆಗೆ ಕಾಪಾಡಲು ಹೋದಾಗಲೂ ಹಾಗೇ. ಆಕೆಗೆ ಏನು ಬೇಕೆಂದು ಕೇಳುವುದು ನನಗೆ ಹೊಳೆಯಲೇ ಇಲ್ಲ. ಅದಕ್ಕಾಗಿ ಆಕೆಯ ಕ್ಷಮೆ ಕೇಳಿದ್ದೇನೆ, ಸಿಕ್ಕಿದೆಯೋ ಇಲ್ಲವೋ ತಿಳಿಯದು. ನಿಮ್ಮ ಕ್ಷಮೆ ನನಗೆ ಬೇಕಿಲ್ಲ.

ನನ್ನ ಒತ್ತಾಯ ಒಂದೇ. ನಿಲ್ಡಾಳನ್ನು ಕೆಳಗಿಳಿಸಬೇಡಿ. ಆಕೆ ಪ್ರಧಾನ ನಟಿಯೆಂದು ಸಹಿ ಹಾಕಿದ್ದೀರಿ. ಹಾಗಾದರೆ ಆಕೆಯ ಹೆಸರು ನಾಟಕದ ಹೆಸರಿನ ಮೇಲೆ, ತಾರೆಯ ಹೆಸರಿನಷ್ಟೇ ದೊಡ್ಡ ಅಕ್ಷರದಲ್ಲಿ ಬರಲಿ. ಭಿತ್ತಿಪತ್ರ ನಿರ್ಮಾಪಕರ ಸ್ವತ್ತು, ನಮ್ಮ ಕೈಯಲ್ಲಿಲ್ಲ ಎಂದು ಜಾರಿಕೊಳ್ಳಬೇಡಿ. ನಿಮ್ಮ ಮುಂದೆ ಒಪ್ಪಿಕೊಂಡ ಮಾತನ್ನು ಅವರು ಗೋಡೆಯ ಮೇಲೆ ಒಪ್ಪದಿದ್ದರೆ ತಾರೆಯ ಹೆಸರನ್ನು ಪೋಷಕ ಪಟ್ಟಿಯಿಂದ ತೆಗೆಯುತ್ತೇವೆ ಎನ್ನಿ. ಸಂಜೆಯೊಳಗೆ ಬೋರ್ಡು ಬರೆಯುವವನು ಏಣಿ ಹಾಕುತ್ತಾನೆ.

ಬರುವ ಮಂಗಳವಾರ ಬೆಳಿಗ್ಗೆ ನೀವು ಪ್ರಧಾನ ವಿಭಾಗದ ಐದು ಹೆಸರು ಓದುತ್ತೀರಿ. ಅದರಲ್ಲಿ ಆಕೆಯದು ಇರುವುದಿಲ್ಲ. ಈ ಒಂದು ವಿಷಯದಲ್ಲಿ ನನ್ನ ಭವಿಷ್ಯ ತಪ್ಪುವುದಿಲ್ಲ, ದುರದೃಷ್ಟ. ಆದರೂ ಅಂದು ಸಂಜೆ ಆಕೆ ಎಂದಿನಂತೆ ಕೆಲಸಕ್ಕೆ ಬರುತ್ತಾಳೆ. ತನ್ನ ಹೆಸರು ಓದಲು ಆಕೆ ಒಮ್ಮೆಯಾದರೂ ತಲೆ ಎತ್ತಿ ನೋಡುವಂತಾಗಲಿ.

ಇಂತಿ,
ಹೊಗಳಿ ಕೆಡುಕು ಮಾಡಿದವನು, ನಿಮ್ಮ ತೀರ್ಪಿನ ಏಕೈಕ ಸಾಕ್ಷಿ,
ಮಿಲ್ಟನ್ ಗ್ರೋಸ್
(ಅರ್ಧ ಕೇಕ್ ಇನ್ನೂ ಫ್ರಿಜ್ಜಿನಲ್ಲಿದೆ. ಎಸೆಯಲು ಮನಸ್ಸಿಲ್ಲ, ನುಂಗಲು ಆಗುತ್ತಿಲ್ಲ.)